ಸಾಹೇಬರ ಬೆಟ್ಟದ ಸೈಕಲ್ಲು

ನೀರು ಸರಬರಾಜು ಕಚೇರಿಯ ಟಪಾಲು ವಿಭಾಗದಲ್ಲಿ ಹದಿನೇಳು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತಿದ್ದ ಗುಮಾಸ್ತನಿಗೆ ಕಚೇರಿಯವರೆಲ್ಲ ಸೇರಿ ಅರ್ಜೆಂಟಪ್ಪ ಎಂದು ಹೆಸರಿಟ್ಟಿದ್ದರು. ಕೂತಿದ್ದ ಎನ್ನುವುದು ಸುಮ್ಮನೆ ಮಾತಿಗೆ. ಒಂದು ಲಕೋಟೆಗೆ ಮುದ್ರೆ ಒತ್ತುವಷ್ಟರಲ್ಲಿ ಅವನು ಎರಡು ಸಲ ಎದ್ದು ಕಿಟಕಿಯ ತನಕ ಹೋಗಿ ಬರುತ್ತಿದ್ದ. ಲಿಫ್ಟಿನ ಗುಂಡಿ ಒತ್ತಿ, ಅದು ಬರುವವರೆಗೆ ತಾಳಲಾರದೆ ಮೆಟ್ಟಿಲು ಹತ್ತಿ, ಕೆಳಗೆ ಸಮಾಧಾನವಾಗಿ ಕಾದು ನಿಂತವರು ತನಗಿಂತ ಮೊದಲೇ ಮೇಲೆ ಬಂದಿರುವುದನ್ನು ಕಂಡು ಏದುಸಿರು ಬಿಡುತ್ತಿದ್ದ. ಚಹಾ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುವುದಂತೂ ದಿನಕ್ಕೆರಡು ಹೊತ್ತಿನ ಕಾರ್ಯಕ್ರಮ. ಇಷ್ಟೆಲ್ಲ ಅವಸರ ಮಾಡಿಯೂ ಅವನ ಮೇಜಿಗೆ ಬಂದ ಕಾಗದ ಪಕ್ಕದ ಮೇಜಿಗೆ ಹೋಗಲು ನಾಲ್ಕು ದಿನ ಹಿಡಿಯುತ್ತಿತ್ತು.

ಇಂಥ ಮನುಷ್ಯ ಹೋದ ವರ್ಷ ಒಂದು ಮೌಂಟನ್ ಬೈಕು ಕೊಂಡ. ದಪ್ಪ ಟೈರು, ಮುಂದೆ ಕುಣಿಯುವ ಫೋರ್ಕು, ಹಿಂದೆ ಹನ್ನೊಂದು ಗೇರು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಬೆಟ್ಟಗುಡ್ಡ ಹತ್ತಿಳಿಯಲೆಂದೇ ಮಾಡಿದ ಸೈಕಲ್ಲು. ಅದು ಎರಡನೇ ಮಹಡಿಯ ಅವನ ಮನೆಯ ಬಾಲ್ಕನಿಯನ್ನು ಹತ್ತಿದ್ದೇ ಅದರ ಈವರೆಗಿನ ದೊಡ್ಡ ಆರೋಹಣ. ಮೂರು ಸಲ ಅದನ್ನು ಕೆಳಗಿಳಿಸಿ ಬೀದಿಯ ಕೊನೆಯ ಅಂಗಡಿಯವರೆಗೆ ಹೋಗಿ ಹಾಲು ತಂದಿದ್ದ. ಆಮೇಲೆ ಅವನ ಮನಸ್ಸು ಸವಾರಿಯಿಂದ ರಿಪೇರಿಯ ಕಡೆಗೆ ಹೊರಳಿತು. ಗೋಡೆಗೆ ಸ್ಪ್ಯಾನರುಗಳನ್ನು ಸಾಲಾಗಿ ನೇತುಹಾಕಿದ, ಇಟ್ಟಿಗೆಯಷ್ಟು ದಪ್ಪದ ಒಂದು ರಿಪೇರಿ ಪುಸ್ತಕ ತರಿಸಿದ, ಪ್ರತಿ ಭಾನುವಾರ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ ಸುತ್ತಲೂ ಓಡಾಡತೊಡಗಿದ. ಸವಾರಿಯನ್ನು ಯಾರಾದರೂ ಮಾಡಬಹುದು, ಆದರೆ ಸೈಕಲ್ಲನ್ನು ಸುಸ್ಥಿತಿಯಲ್ಲಿಡುವುದು ಒಂದು ವಿದ್ಯೆ ಎಂದು ಹೆಂಡತಿಗೆ ವಿವರಿಸಿದ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ದಿನವಿಡೀ ಎಂಥೆಂಥವರ ಮಾತನ್ನೋ ಕೇಳಿ ಬಂದಿರುತ್ತಿದ್ದಳು. ಇದನ್ನೂ ಕೇಳಿದಳು.

ಎಲ್ಲ ಹೀಗೇ ನಡೆದುಕೊಂಡು ಹೋಗಬಹುದಿತ್ತು. ಆದರೆ ಕಚೇರಿಗೆ ಹೊಸ ಸಾಹೇಬರು ಬಂದರು.

ಹೊಸ ಸಾಹೇಬರ ಕಾರಿನ ಬೆನ್ನಿಗೆ ಒಂದು ಸೈಕಲ್ಲು ಕಟ್ಟಿರುತ್ತಿತ್ತು. ಅದೂ ಮೌಂಟನ್ ಬೈಕೇ, ಆದರೆ ಅರ್ಜೆಂಟಪ್ಪನದು ಅದರ ಮುಂದೆ ಬಡ ನೆಂಟನಂತೆ ಕಾಣುತ್ತಿತ್ತು. ದಿನವೂ ಅದನ್ನು ಕಾರಿನಿಂದ ಬಿಚ್ಚಿಸಿ ತಮ್ಮ ಕೋಣೆಗೆ ತರಿಸಿ, ಕುರ್ಚಿಯ ಹಿಂದೆ ಗೋಡೆಗೆ ಒರಗಿಸಿಕೊಳ್ಳುತ್ತಿದ್ದರು. ಸಹಿ ಹಾಕಿಸಿಕೊಳ್ಳಲು ಹೋದವರಿಗೆ ಬೆಟ್ಟಗಳ ಮಾತು ಹೇಳುತ್ತಿದ್ದರು. ಒಂದು ವಾರದಲ್ಲಿ ಇಡೀ ಕಚೇರಿ ಅವರನ್ನು ಪರ್ವತಗಳ ಹುಲಿ ಎಂದು ನಂಬಿತು.

ಒಂದು ಮಧ್ಯಾಹ್ನ ಚಹಾದ ಹೊತ್ತಿನಲ್ಲಿ ಸಾಹೇಬರು, ಯಾಕೋ ಈ ನಡುವೆ ತಮ್ಮ ಸೈಕಲ್ಲಿನ ಗೇರು ಕಟಕಟ ಎನ್ನುತ್ತಿದೆ ಎಂದರು. ಯಾರೂ ಏನೂ ಹೇಳಲಿಲ್ಲ. ಹೇಳಲು ಯಾರಿಗೂ ಏನೂ ಗೊತ್ತಿರಲಿಲ್ಲ. ನಾಲ್ಕು ಕ್ಷಣದ ಆ ಮೌನವನ್ನು ಉಳಿದವರೆಲ್ಲ ಚಹಾ ಹೀರುತ್ತ ಕಳೆದರು. ಅರ್ಜೆಂಟಪ್ಪನಿಂದ ಆಗಲಿಲ್ಲ. ಅದು ಗೇರಿನ ತಂತಿ ಸಡಿಲವಾಗಿರುವುದರ ಲಕ್ಷಣವೆಂದೂ, ಇಂಥದ್ದನ್ನೆಲ್ಲ ತಾನು ಮನೆಯಲ್ಲೇ ಸರಿಮಾಡಿಕೊಳ್ಳುವುದೆಂದೂ, ಹಾಗೆ ನೋಡಿದರೆ ಸಾಹೇಬರು ಟೈರಿನ ಟ್ಯೂಬು ತೆಗೆಸಿ ಟ್ಯೂಬ್‌ಲೆಸ್ ಮಾಡಿಸಿಕೊಳ್ಳುವುದು ಒಳ್ಳೆಯದೆಂದೂ ಅವನ ಬಾಯಿಂದ ಒಂದೇ ಉಸಿರಿಗೆ ಬಂದುಬಿಟ್ಟಿತು.

ಸಾಹೇಬರು ಲೋಟ ಕೆಳಗಿಟ್ಟು ಅವನನ್ನೇ ನೋಡಿದರು. ಆವತ್ತು ಸಂಜೆ ಕೋಣೆಗೆ ಕರೆಸಿ ಬಾಗಿಲು ಮುಚ್ಚಿಸಿದರು. ಬರುವ ಭಾನುವಾರವಲ್ಲ, ಅದರಾಚೆಯ ಭಾನುವಾರ ಇಲಾಖೆಯ ವಾರ್ಷಿಕ ಸೈಕಲ್ ಸವಾರಿ. ಊರಾಚೆ ಜಲಾಶಯವಿರುವ ಗುಡ್ಡವನ್ನು ಹತ್ತಿ ಇಳಿಯಬೇಕು. ಮುಖ್ಯ ಎಂಜಿನಿಯರೂ ಬರುತ್ತಾರೆ. ಮುಂದಾಳು ತಾವೇ. ಆದ್ದರಿಂದ ಸೈಕಲ್ಲನ್ನು ಪೂರ್ತಿ ಬಿಚ್ಚಿ ನೋಡಿಬಿಟ್ಟರೆ ಒಳ್ಳೆಯದು ಎಂದು ಹೇಳಿ, ಕೊನೆಗೆ ಭುಜದ ಮೇಲೆ ಕೈಯಿಟ್ಟರು.

"ನಿಧಾನವಾಗಿ ಮಾಡಿ. ಒಂದು ದಿನ ಹೆಚ್ಚುಕಮ್ಮಿ ಆದ್ರೂ ನಾನೇನೂ ಅಂದ್ಕೊಳಲ್ಲ. ಎರಡು ದಿನ ಆದ್ರೂ ಅಷ್ಟೇ."

ಹದಿನೇಳು ವರ್ಷದಲ್ಲಿ ಅರ್ಜೆಂಟಪ್ಪನಿಗೆ ನಿಧಾನ ಮಾಡು ಎಂದ ಮೊದಲ ಮೇಲಧಿಕಾರಿ ಅವರು. ಇದು ತನ್ನನ್ನು ಪರೀಕ್ಷಿಸುವ ಮಾತೇ ಇರಬೇಕೆಂದು ಅವನಿಗೆ ಖಾತ್ರಿಯಾಯಿತು.

ಸೈಕಲ್ಲು ಮನೆಗೆ ಬಂತು. ಅದನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುವಾಗ ಮೂರು ಮನೆಯ ಬಾಗಿಲು ತೆರೆದವು. ರಾತ್ರಿಯೊಳಗೆ ಕಟ್ಟಡದಲ್ಲೆಲ್ಲ ಸುದ್ದಿ: ಎರಡನೇ ಮಹಡಿಯವರಿಗೆ ಸರ್ಕಾರಿ ಸೈಕಲ್ಲುಗಳ ಉಸ್ತುವಾರಿ ಬಂದಿದೆಯಂತೆ. ಅವನು ಇಲ್ಲ ಎಂದ. ದೊಡ್ಡ ಹುದ್ದೆ ಬಂದವರು ಮೊದಮೊದಲು ಹೀಗೇ ಇಲ್ಲ ಎನ್ನುತ್ತಾರೆ ಎಂದು ಎದುರುಮನೆಯ ಹಲ್ಲಿನ ಡಾಕ್ಟರು ಎಲ್ಲರಿಗೂ ತಿಳಿಸಿ ಹೇಳಿದರು.

ಗೇರಿನ ತಂತಿಯನ್ನು ಕಾಲು ಸುತ್ತು ಬಿಗಿಮಾಡಿದ್ದರೆ ಆ ಕಟಕಟ ಸದ್ದು ನಿಲ್ಲುತ್ತಿತ್ತು. ಪುಸ್ತಕದ ಹನ್ನೆರಡನೇ ಪುಟದಲ್ಲಿ ಹಾಗೇ ಬರೆದಿತ್ತು. ಆದರೆ ಅರ್ಜೆಂಟಪ್ಪ ಪುಸ್ತಕವನ್ನು ನಡುವಿನಿಂದ ತೆರೆದಿದ್ದ. ನಡುವಿನ ಪುಟಗಳಲ್ಲಿ ಎಲ್ಲವನ್ನೂ ಬಿಚ್ಚುವುದು ಹೇಗೆ ಎಂದಿತ್ತು. ಜೋಡಿಸುವುದು ಹೇಗೆ ಎನ್ನುವುದು ಇನ್ನೂ ಮುಂದೆ. ಬುಧವಾರದ ಹೊತ್ತಿಗೆ ಹಜಾರದ ನೆಲದ ತುಂಬ ಹಳೆಯ ಪತ್ರಿಕೆಗಳು, ಪತ್ರಿಕೆಗಳ ಮೇಲೆ ಸಾಹೇಬರ ಸೈಕಲ್ಲು. ಗೇರಿನ ಹಲ್ಲುಚಕ್ರಗಳು ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದವು. ಚೈನನ್ನು ತಿಕ್ಕಲು ತೆಗೆದುಕೊಂಡಿದ್ದ ಬ್ರಷ್ಷನ್ನು ಹಲ್ಲಿನ ಡಾಕ್ಟರು ಎತ್ತಿ ನೋಡಿ, ಇದು ಹೊಸದು, ಮೆತ್ತನೆಯ ಎಳೆಯದು, ವಸಡು ಸೂಕ್ಷ್ಮವಾಗಿರುವವರಿಗೆ ತಾವೇ ಬರೆದುಕೊಡುವಂಥದ್ದು ಎಂದರು. ಅರ್ಜೆಂಟಪ್ಪನ ವಸಡಿಗೆ ಏನೂ ಆಗಿರಲಿಲ್ಲ. ವಸಡು ಸೂಕ್ಷ್ಮವಾಗಿದ್ದುದು ಅವನ ಹೆಂಡತಿಯದು.

ಗುರುವಾರ ಎಡಗಡೆಯ ಪೆಡಲಿನ ಸರದಿ ಬಂತು. ಬಲಗಡೆಯದು ಸಲೀಸಾಗಿ ಬಿಚ್ಚಿಕೊಂಡಿತ್ತು. ಎಡಗಡೆಯದು ಜಪ್ಪಯ್ಯ ಎನ್ನಲಿಲ್ಲ. ಅರ್ಜೆಂಟಪ್ಪ ಕೈಯಿಂದ ತಿರುಗಿಸಿದ, ಕಾಲಿನಿಂದ ಒದ್ದ, ಎಣ್ಣೆ ಬಿಟ್ಟು ಕಾದ. ಕಾದದ್ದು ಅರ್ಧ ನಿಮಿಷ. ಹಲ್ಲಿನ ಡಾಕ್ಟರು ಬಂದರು. ಇಂಥ ಎಷ್ಟೋ ದವಡೆಹಲ್ಲುಗಳನ್ನು ನೋಡಿದ್ದೇನೆ, ಮೊದಲು ಸ್ವಲ್ಪ ಅಲುಗಾಡಿಸಬೇಕು ಎಂದು ತೋಳು ಮಡಚಿ, ಒಂದು ಮೊಣಕಾಲನ್ನು ಸೀಟಿನ ಮೇಲೆ ಊರಿ ಎಳೆದರು. ಬಾಯಿ ಅಗಲ ಮಾಡಿ ಎಂದು ಅಭ್ಯಾಸಬಲದಿಂದ ಸೈಕಲ್ಲಿಗೆ ಹೇಳಿದರು ಕೂಡ. ಆಮೇಲೆ ಕೆಳಮನೆಯಲ್ಲಿದ್ದ ನಿವೃತ್ತ ಅಗ್ನಿಶಾಮಕ ಅಧಿಕಾರಿಗಳು ಬಂದರು. ಅವರು ಒಂದು ಉದ್ದನೆಯ ಕಬ್ಬಿಣದ ಕೊಳವೆ ತಂದು ಸ್ಪ್ಯಾನರಿನ ಹಿಡಿಗೆ ತೂರಿಸಿದರು. ಒಬ್ಬರು ಸೈಕಲ್ಲನ್ನು ತಬ್ಬಿ ಹಿಡಿಯುವುದು, ಇಬ್ಬರು ಕೊಳವೆಗೆ ಜೋತುಬೀಳುವುದು ಎಂದು ತೀರ್ಮಾನವಾಯಿತು. ಒಂದು, ಎರಡು, ಮೂರು ಎಂದು ಅಧಿಕಾರಿಗಳು ಎಣಿಸಿದರು. ಅರ್ಜೆಂಟಪ್ಪ ಎರಡಕ್ಕೇ ಎಳೆದ. ಸ್ಪ್ಯಾನರು ಜಾರಿತು, ಡಾಕ್ಟರು ಸೋಫಾದ ಮೇಲೆ ಬಿದ್ದರು, ಅರ್ಜೆಂಟಪ್ಪ ಚಪ್ಪಲಿ ಗೂಡಿನೊಳಗೆ ಬಿದ್ದ. ಪೆಡಲು ಮೊದಲಿಗಿಂತ ಬಿಗಿಯಾಗಿತ್ತು.

ಆಗ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದವರು ಅವನ ಅತ್ತೆ.

ಅವರು ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು. ಗಿರಣಿ ಮುಚ್ಚಿದ ಮೇಲೆ ಒಬ್ಬರೇ ಇದ್ದರು. ಕಣ್ಣಿನ ಪರೀಕ್ಷೆಗೆಂದು ಮಗಳು ಕರೆಸಿಕೊಂಡಿದ್ದಳು. ಅವರು ಚೀಲವನ್ನು ಇಟ್ಟು, ನೆಲದ ಮೇಲಿದ್ದ ಒಂದೊಂದು ಭಾಗವನ್ನೂ ನೋಡುತ್ತ, ಯಾವುದನ್ನೂ ತುಳಿಯದೆ, ನೆರೆಯವರ ಮನೆಯ ಹಸುಗೂಸನ್ನು ನೋಡಲು ಬಂದವರ ಹಾಗೆ ಸೈಕಲ್ಲಿನ ಹತ್ತಿರ ಬಂದರು.

"ಯಾವ ಕಡೆಗೆ ತಿರುಗಿಸ್ತಾ ಇದ್ದೀರಿ ಅಳಿಯಂದಿರೇ?"

"ಎಲ್ಲಾ ಯಾವ ಕಡೆ ಬಿಚ್ಚತ್ತೋ ಆ ಕಡೆಗೇ ಅತ್ತೆ."

"ಇದು ಎಡಗಾಲಿಂದು. ಉಲ್ಟಾ ಥ್ರೆಡ್ಡು ಇರತ್ತೆ. ಇಲ್ದಿದ್ರೆ ತುಳೀತಾ ತುಳೀತಾ ತಾನೇ ಬಿಚ್ಕೊಂಡು ಬಿದ್ದುಹೋಗಲ್ವಾ?"

ಅವರು ಸ್ಪ್ಯಾನರನ್ನು ಇನ್ನೊಂದು ಕಡೆಗೆ ಹಚ್ಚಿ ಅಂಗೈಯಿಂದ ಒಂದೇ ಒಂದು ಪೆಟ್ಟು ಕೊಟ್ಟರು. ಟಕ್ ಎಂದಿತು. ಪೆಡಲನ್ನು ಬೆರಳಿನಿಂದಲೇ ತಿರುಗಿಸಿ ಬಿಚ್ಚಿ ಪತ್ರಿಕೆಯ ಮೇಲಿಟ್ಟು, ಕೈ ತೊಳೆಯುವುದು ಎಲ್ಲಿ ಎಂದು ಕೇಳಿ ಒಳಗೆ ಹೋದರು. ಮೂವರು ಗಂಡಸರೂ ಪೆಡಲನ್ನು ನೋಡುತ್ತ ನಿಂತರು. ತಾವು ಮೊದಲೇ ಸಾಕಷ್ಟು ಸಡಿಲ ಮಾಡಿದ್ದೆವು ಎಂದು ಹಲ್ಲಿನ ಡಾಕ್ಟರು ಅಭಿಪ್ರಾಯಪಟ್ಟರು.

ಅತ್ತೆಯೆದುರು ಆದ ಈ ಮುಖಭಂಗ ಅರ್ಜೆಂಟಪ್ಪನನ್ನು ಎರಡು ದಿನ ಕೂರಗೊಡಲಿಲ್ಲ. ಶನಿವಾರ ಅತ್ತೆ ಮಗಳ ಜೊತೆ ಕಣ್ಣಿನ ಆಸ್ಪತ್ರೆಗೆ ಹೋದದ್ದೇ ತಡ, ಟ್ಯೂಬ್‌ಲೆಸ್ ಕೆಲಸಕ್ಕೆ ಕೈಹಾಕಿದ. ಈ ಕೆಲಸದ ತಿರುಳು ಇಷ್ಟೇ: ಟೈರಿನೊಳಗಿನ ಟ್ಯೂಬನ್ನು ತೆಗೆದು, ಅದರ ಬದಲಿಗೆ ಹಾಲಿನಂಥ ಒಂದು ಅಂಟುದ್ರವ ಸುರಿದು, ಗಾಳಿ ತುಂಬಬೇಕು. ಮುಂದೆ ಎಲ್ಲಿ ಮುಳ್ಳು ಚುಚ್ಚಿದರೂ ಆ ಹಾಲು ಹರಿದು ತೂತನ್ನು ತಾನೇ ಮುಚ್ಚುತ್ತದೆ. ಗಾಳಿಯನ್ನು ಒಮ್ಮೆಲೇ ರಭಸದಿಂದ ತುಂಬಿದರೆ ಮಾತ್ರ ಟೈರು ರಿಮ್ಮಿಗೆ ಕಚ್ಚಿಕೊಳ್ಳುತ್ತದೆ ಎಂದು ಪುಸ್ತಕ ಹೇಳಿತ್ತು. ರಭಸ ಎನ್ನುವ ಶಬ್ದ ಕಂಡ ಮೇಲೆ ಅರ್ಜೆಂಟಪ್ಪ ಮುಂದಿನ ಸಾಲು ಓದಲಿಲ್ಲ. ಹಾಲು ಎಷ್ಟು ಎಂದು ಅಳೆಯಲೂ ಇಲ್ಲ, ಇಡೀ ಬಾಟಲಿ ಸುರಿದ. ಕಾಲ್ಪಂಪಿನ ಮೇಲೆ ನಿಂತು ಕುಣಿಯತೊಡಗಿದ. ಟೈರು ಉಬ್ಬಿತು. ಇನ್ನೂ ಉಬ್ಬಿತು. ಒಂದು ಕಡೆ ರಿಮ್ಮಿನಿಂದ ಹೊರಗೆ ಇಣುಕಿತು. ಅವನು ಅದನ್ನು ನೋಡಿದ, ಆದರೆ ಕುಣಿಯುವುದನ್ನು ನಿಲ್ಲಿಸಲು ಅವನ ಕಾಲಿಗೆ ಮನಸ್ಸಾಗಲಿಲ್ಲ.

ಟೈರು ರಿಮ್ಮಿನಿಂದ ಹಾರಿದ ಸದ್ದಿಗೆ ಬೀದಿಯ ಎರಡು ಕಾರುಗಳು ತಾವಾಗಿ ಕೂಗಿಕೊಂಡವು. ಹಾಲು ಮೊದಲು ಸೂರಿಗೆ ಹೋಗಿ ಅಲ್ಲಿಂದ ಎಲ್ಲ ಕಡೆಗೂ ಸಮನಾಗಿ ಬಂತು. ಟೀವಿ, ಗಡಿಯಾರ, ಪರದೆ, ಸೋಫಾ, ಗೋಡೆಯ ಮೇಲಿದ್ದ ಮದುವೆಯ ಫೋಟೋದಲ್ಲಿ ಅವನ ಮುಖ. ಹೆಂಡತಿಯ ಮುಖದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ, ಅದೊಂದು ಸಮಾಧಾನ. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಕೆಳಮನೆಯ ಅಗ್ನಿಶಾಮಕ ಅಧಿಕಾರಿಗಳು ನಿವೃತ್ತರಾಗಿ ಆರು ವರ್ಷವಾಗಿತ್ತು. ಆ ಆರು ವರ್ಷವೂ ಅವರು ಇದೊಂದು ಸದ್ದಿಗಾಗಿ ಕಾದಿದ್ದರು. ಕೆಂಪು ಸಿಲಿಂಡರು ಹಿಡಿದು, ಬೆಂಕಿ ಎಲ್ಲಿ ಎಂದು ಕೇಳುವ ಗೋಜಿಗೂ ಹೋಗದೆ, ಹಜಾರದ ಮೂಲೆಮೂಲೆಗೂ ನೊರೆ ಹೊಡೆದರು. ಹೊಡೆದಾದ ಮೇಲೆ ಗಡಿಯಾರ ನೋಡಿ, ನಲವತ್ತು ಸೆಕೆಂಡು ಎಂದು ತೃಪ್ತಿಯಿಂದ ಹೇಳಿದರು.

ಹೆಂಡತಿ ಮತ್ತು ಅತ್ತೆ ಹಿಂತಿರುಗಿದಾಗ ಹಜಾರದಲ್ಲಿ ಹಿಮ ಬಿದ್ದಂತಿತ್ತು. ಅದರ ನಡುವೆ ಬಿಳಿಯ ಮನುಷ್ಯನೊಬ್ಬ ಬಟ್ಟೆ ಹಿಡಿದು ಒಮ್ಮೆ ಟೀವಿ, ಒಮ್ಮೆ ಸೈಕಲ್ಲಿನ ಚಕ್ರ ಒರೆಸುತ್ತಿದ್ದ. ಹೆಂಡತಿ ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತಳು. ಆಮೇಲೆ ರೋಗಿಯ ಬಳಿ ಮಾತಾಡುವ ಮೆಲುದನಿಯಲ್ಲಿ ಕೇಳಿದಳು.

"ರೀ, ಇದರಲ್ಲಿ ಯಾವುದು ನಮ್ಮದು, ಯಾವುದು ಸೈಕಲ್ಲಿಂದು?"

ಹೆಂಡತಿ ಬರುವ ಶನಿವಾರದವರೆಗೆ ಗಡುವು ಕೊಟ್ಟಳು. ಅಷ್ಟರೊಳಗೆ ಹಜಾರ ಹಜಾರದಂತಾಗಬೇಕು. ಇಲ್ಲದಿದ್ದರೆ ಅವಳು ಆಸ್ಪತ್ರೆಯ ವಾರ್ಡಿನಲ್ಲೇ ಒಂದು ಹಾಸಿಗೆ ನೋಡಿಕೊಳ್ಳುತ್ತಾಳೆ. ಅಲ್ಲಿ ರೋಗಿಗಳಿದ್ದಾರೆ, ಆದರೆ ನೆಲ ಸ್ವಚ್ಛವಾಗಿದೆ.

ಮುಂದಿನ ಆರು ದಿನ ಕೆಲಸವನ್ನೆಲ್ಲ ಮಾಡಿದವರು ಅತ್ತೆ. ಕಣ್ಣಿಗೆ ಹೊಸ ಕನ್ನಡಕ ಬಂದಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಹಜಾರದ ನಡುವೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಪುಸ್ತಕದ ಚಿತ್ರಗಳನ್ನು ಒಂದು ಸಲ ತಿರುವಿಹಾಕಿ ಪಕ್ಕಕ್ಕಿಟ್ಟರು. ಸಂಜೆ ಕಚೇರಿಯಿಂದ ಬಂದ ಅಳಿಯನಿಗೆ ಕೊಟ್ಟ ಕೆಲಸ ಕೇಳಿದ್ದನ್ನು ಕೈಗೆ ಕೊಡುವುದು ಮಾತ್ರ. ಅವನು ಕೇಳುವ ಮೊದಲೇ ಕೊಡುತ್ತಿದ್ದ, ಕೇಳದ್ದನ್ನೂ ಕೊಡುತ್ತಿದ್ದ. ಅತ್ತೆ ಬೇಡದ್ದನ್ನು ಬದಿಗಿಡುತ್ತಿದ್ದರು. ಹೊಸ ಬಾಟಲಿ ತರಿಸಿ ಹಾಲನ್ನು ಅಳೆದು ಟೈರಿಗೆ ಸುರಿದು, ಅಂಚಿಗೆ ಸೋಪಿನ ನೀರು ಸವರಿಸಿ, ಮೂಲೆಯ ಪೆಟ್ರೋಲ್ ಬಂಕಿಗೆ ಚಕ್ರ ಹೊರಿಸಿಕೊಂಡು ಹೋಗಿ, ಅಲ್ಲಿನ ಗಾಳಿಯಂತ್ರದಿಂದ ಒಂದೇ ಊದಿಗೆ ಟೈರನ್ನು ಕೂರಿಸಿದರು. ಶುಕ್ರವಾರ ಸಂಜೆ ಚಕ್ರ ತಿರುಗಿಸಿ, ಗೇರು ಒಂದೊಂದಾಗಿ ಬದಲಿಸಿ ಕೇಳಿಸಿದರು. ಕಟಕಟ ಇರಲಿಲ್ಲ. ಜೇನು ಹಾರಿದಷ್ಟು ಸಣ್ಣ ಸದ್ದು. ಅತ್ತೆ ಅದನ್ನು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.

ಶನಿವಾರ ಸೈಕಲ್ಲನ್ನು ಸಾಹೇಬರ ಮನೆಗೆ ಒಯ್ಯುವ ಮುಂಚೆ ಅರ್ಜೆಂಟಪ್ಪ ಅದರ ಸುತ್ತ ಹದಿನಾಲ್ಕು ಸುತ್ತು ಸುತ್ತಿದ. ಇಡೀ ಸೈಕಲ್ಲಿನಲ್ಲಿ ತನ್ನದೆಂದು ಹೇಳಿಕೊಳ್ಳುವ ಒಂದು ಕೆಲಸವೂ ಇಲ್ಲವಲ್ಲ ಎಂದು ಅವನ ಕೈ ತುರಿಸುತ್ತಿತ್ತು. ಆಗ ಚಕ್ರದ ನಡುವೆ ಬ್ರೇಕಿನ ಉಕ್ಕಿನ ತಟ್ಟೆಗಳು ಕಣ್ಣಿಗೆ ಬಿದ್ದವು. ಚೈನು, ಗೇರು ಎಲ್ಲ ಎಣ್ಣೆ ಕುಡಿದು ಮಿರುಗುತ್ತಿದ್ದರೆ ಪಾಪ ಇವು ಮಾತ್ರ ಒಣಗಿಕೊಂಡಿದ್ದವು. ಅತ್ತೆಗೆ ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡು ಎರಡೂ ತಟ್ಟೆಗೆ ಧಾರಾಳವಾಗಿ ಎಣ್ಣೆ ಬಿಟ್ಟು, ಹೊಳೆಯುವವರೆಗೆ ಸವರಿದ. ಮನಸ್ಸಿಗೆ ಹಾಯೆನಿಸಿತು.

ಸಾಹೇಬರು ಬಾಗಿಲು ತೆರೆದು ಸೈಕಲ್ಲನ್ನು ನೋಡಿದವರು ಒಂದು ಹೆಜ್ಜೆ ಹಿಂದೆ ಸರಿದರು. ಮುಗಿಯಿತೇ ಎಂದು ಕೇಳಿದರು. ಮುಗಿಯಿತು ಎಂದ. ಪೂರ್ತಿಯೇ ಎಂದರು. ಪೂರ್ತಿ ಎಂದ. ಚಕ್ರ ಎತ್ತಿ ತಿರುಗಿಸಿ ನೋಡಿದರು. ಅದು ತಿರುಗುತ್ತಲೇ ಇತ್ತು. ಅವರ ಮುಖ ಬಿಳಿಚಿತು, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಕೃತಜ್ಞತೆಯಿಂದ ಮಾತು ಹೊರಡದ ಮೇಲಧಿಕಾರಿಯನ್ನು ಅರ್ಜೆಂಟಪ್ಪ ಮೊದಲ ಸಲ ನೋಡಿದ. ಮನೆಗೆ ಹಾರಿಕೊಂಡು ಬಂದ.

ಭಾನುವಾರ ಬೆಳಿಗ್ಗೆ ಅತ್ತೆ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ, ಎಣ್ಣೆಯ ಡಬ್ಬಿ ಇಷ್ಟು ಹಗುರ ಯಾಕಿದೆ, ಚೈನಿಗೆ ಇಷ್ಟೆಲ್ಲ ಹಿಡಿಯುವುದಿಲ್ಲವಲ್ಲ ಎಂದರು. ಅರ್ಜೆಂಟಪ್ಪ ನಾಚಿಕೆಯಿಂದಲೇ ತನ್ನ ಸೇವೆಯನ್ನು ತಿಳಿಸಿದ. ಅತ್ತೆ ಲೋಟ ಕೆಳಗಿಟ್ಟರು.

"ಅಳಿಯಂದಿರೇ, ಬ್ರೇಕು ಏನನ್ನ ಹಿಡಿದು ಗಾಡಿ ನಿಲ್ಲಿಸತ್ತೆ?"

"ಆ ತಟ್ಟೇನ."

"ಆ ತಟ್ಟೆಗೆ ಎಣ್ಣೆ ಹಚ್ಚಿದ್ರೆ?"

ಸಾಹೇಬರು ಗುಡ್ಡ ಇಳಿಯುತ್ತಿರುವುದು, ಬ್ರೇಕು ಹಿಡಿಯುವುದು, ಅದು ನಿಲ್ಲದಿರುವುದು, ಕೆಳಗಿನ ತಿರುವಿನಲ್ಲಿ ಜಲಾಶಯದ ನೀರು, ಎಲ್ಲ ಒಟ್ಟಿಗೆ ಅವನ ಕಣ್ಣಿಗೆ ಕಟ್ಟಿದವು. ಫೋನು ಮಾಡಿದ. ಸಾಹೇಬರು ಎತ್ತಲಿಲ್ಲ. ಮತ್ತೆ ಆರು ಸಲ ಮಾಡಿದ. ನಂತರ ಬಾಲ್ಕನಿಯಲ್ಲಿದ್ದ ತನ್ನ ಸೈಕಲ್ಲನ್ನು ಹೊತ್ತುಕೊಂಡು, ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಮೆಟ್ಟಿಲಿಳಿದ.

ವರ್ಷವಿಡೀ ಅವನು ಮಾಡಿದ ರಿಪೇರಿಯ ಫಲವಾಗಿ ಆ ಸೈಕಲ್ಲು ಹನ್ನೊಂದರಲ್ಲಿ ಒಂದೇ ಗೇರಿನಲ್ಲಿ ಓಡುತ್ತಿತ್ತು, ಅದೂ ಎಲ್ಲಕ್ಕಿಂತ ಹಗುರದ್ದು. ಕಾಲು ಗಾಣದಂತೆ ತಿರುಗುತ್ತದೆ, ಸೈಕಲ್ಲು ಆಮೆಯಂತೆ ಹೋಗುತ್ತದೆ. ಹದಿನೇಳು ವರ್ಷ ಕಚೇರಿಯಲ್ಲಿ ಇದನ್ನೇ ಮಾಡಿದವನಿಗೆ ಅದು ವಿಚಿತ್ರವೆನಿಸಲಿಲ್ಲ. ಸಮತಟ್ಟಿನ ರಸ್ತೆಯಲ್ಲಿ ನಡೆದು ಹೋಗುವವರೂ ಅವನನ್ನು ದಾಟಿದರು. ಆದರೆ ಗುಡ್ಡದ ಏರು ಶುರುವಾದ ಮೇಲೆ ಸಂಗತಿ ಬೇರೆಯಾಯಿತು. ಇಲಾಖೆಯ ನಲವತ್ತು ಮಂದಿ ಅಲ್ಲಲ್ಲಿ ಏದುಸಿರು ಬಿಡುತ್ತ ಭಾರದ ಗೇರು ತುಳಿಯುತ್ತಿದ್ದರೆ, ಅವನು ಟರಟರ ಕಾಲು ತಿರುಗಿಸುತ್ತ ಒಬ್ಬೊಬ್ಬರನ್ನೇ ಸಮೀಪಿಸಿದ. ಬಾಯಲ್ಲಿ ಒಂದೇ ಮಾತು: ಬ್ರೇಕ್, ಬ್ರೇಕ್. ಮುಂದಿನವರು ತಿರುಗಿ ನೋಡಿ, ಬ್ರೇಕ್ ಕೊಟ್ಟಿದ್ದಾರಂತೆ ಎಂದು ಒಬ್ಬರಿಗೊಬ್ಬರು ದಾಟಿಸಿ, ಸಂತೋಷದಿಂದ ಸೈಕಲ್ಲಿಳಿದು ರಸ್ತೆಬದಿಯಲ್ಲಿ ಕೂತರು. ಮುಖ್ಯ ಎಂಜಿನಿಯರು ಕೂಡ, ಯಾರೋ ಬುದ್ಧಿವಂತರು ಆಲೋಚನೆ ಮಾಡಿದ್ದಾರೆ ಎಂದು ಒಂದು ಬಂಡೆಯ ಮೇಲೆ ಕೂತು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು. ನಿಲ್ಲಿಸಿ ವಿವರಿಸಲು ಅರ್ಜೆಂಟಪ್ಪನಿಗೆ ಉಸಿರೂ ಇರಲಿಲ್ಲ, ವ್ಯವಧಾನವೂ ಇರಲಿಲ್ಲ. ಅವರಲ್ಲಿ ಸಾಹೇಬರು ಮಾತ್ರ ಕಾಣಲಿಲ್ಲ. ಮುಂದಾಳಾದ್ದರಿಂದ, ದಾರಿ ನೋಡಿಕೊಂಡು ಬರುತ್ತೇನೆಂದು ಮೊದಲೇ ಒಬ್ಬರೇ ಮುಂದೆ ಹೋಗಿದ್ದರಂತೆ.

ಮೇಲಿನಿಂದ ಎರಡನೆಯ ತಿರುವಿನಲ್ಲಿ ಹಳೆಯ ಪಂಪಿನ ಮನೆಯೊಂದಿದೆ. ಅದರ ಗೋಡೆಯ ಹಿಂದೆ ಸಾಹೇಬರ ಹೆಲ್ಮೆಟ್ಟು ಕಾಣಿಸಿತು. ಅರ್ಜೆಂಟಪ್ಪ ಸೈಕಲ್ಲನ್ನು ಅಲ್ಲೇ ಬೀಳಿಸಿ ಓಡಿದ. ಸಾಹೇಬರು ಕುಕ್ಕರಗಾಲಿನಲ್ಲಿ ಕೂತು ಕಚೇರಿಯ ಕಡತ ಹೊಲಿಯುವ ದಬ್ಬಳದಿಂದ ತಮ್ಮ ಮುಂದಿನ ಟೈರನ್ನು ತಿವಿಯುತ್ತಿದ್ದರು. ತಿವಿದು ಎಳೆದರೆ ಪುಸ್ ಎಂದು ಸ್ವಲ್ಪ ಗಾಳಿ ಬರುವುದು, ಒಂದು ಹನಿ ಹಾಲು ಜಿನುಗುವುದು, ತೂತು ಮುಚ್ಚಿಕೊಳ್ಳುವುದು. ಮತ್ತೆ ತಿವಿಯುವರು. ಟೈರಿನ ಸುತ್ತ ಇಪ್ಪತ್ತಕ್ಕೂ ಮಿಕ್ಕಿ ಬಿಳಿಯ ಚುಕ್ಕೆಗಳಿದ್ದವು. ಸಾಹೇಬರ ಕಣ್ಣಲ್ಲಿ ನೀರಿತ್ತು.

ಅರ್ಜೆಂಟಪ್ಪನನ್ನು ಕಂಡು ಅವರು ದಬ್ಬಳವನ್ನು ಬಚ್ಚಿಡಲೂ ಹೋಗಲಿಲ್ಲ.

"ಏನ್ರೀ ಹಾಕಿದ್ದೀರಿ ಇದರೊಳಗೆ? ಪಂಕ್ಚರೇ ಆಗ್ತಾ ಇಲ್ವಲ್ರೀ."

ಆಮೇಲೆ ಒಂದೊಂದಾಗಿ ಎಲ್ಲ ಹೊರಬಂತು. ಸಾಹೇಬರು ಈ ಸೈಕಲ್ಲಿನ ಮೇಲೆ ಒಂದು ಗುಡ್ಡವನ್ನೂ ಹತ್ತಿದವರಲ್ಲ. ಹತ್ತುವುದು ಹೇಗೋ ಆದೀತು, ಇವತ್ತೂ ಅರ್ಧ ತಳ್ಳಿಕೊಂಡೇ ಬಂದಿದ್ದರು. ಇಳಿಜಾರಿನಲ್ಲಿ ಸೈಕಲ್ಲು ಹತ್ತಲು ಅವರಿಗೆ ಧೈರ್ಯವಿಲ್ಲ. ಸೈಕಲ್ಲು ಇಟ್ಟುಕೊಂಡರೆ ಆಳು ಚುರುಕಾಗಿ ಕಾಣುತ್ತಾನೆ ಎಂದು ಯಾರೋ ಹೇಳಿದ್ದಕ್ಕೆ ಕೊಂಡದ್ದು. ಅದು ಇಲ್ಲಿಯತನಕ ಎಳೆದು ತಂದಿತ್ತು. ಇಷ್ಟು ಹೇಳಿ ಅವರು ಅವನತ್ತ ನೋಡಿದ ನೋಟದಲ್ಲಿ ಸಿಟ್ಟಿಗಿಂತ ನಂಬಿಕೆದ್ರೋಹದ ನೋವು ಹೆಚ್ಚಾಗಿತ್ತು.

"ನಿಮಗೆ ಕೊಡೋ ಮುಂಚೆ ಆಫೀಸಲ್ಲೆಲ್ಲಾ ವಿಚಾರಿಸಿದ್ದೆ. ನೀವು ಮುಟ್ಟಿದ ಫ್ಯಾನು ಇವತ್ತಿಗೂ ತಿರುಗಲ್ಲ ಅಂದ್ರು. ಮುದ್ರೆ ಒತ್ತೋ ಯಂತ್ರ ರಿಪೇರಿ ಮಾಡ್ತೀನಿ ಅಂತ ಮನೆಗೆ ಒಯ್ದಿದ್ದು ಮೂರು ವರ್ಷ ಆಯ್ತು, ಬಂದಿಲ್ಲ ಅಂದ್ರು. ಅದಕ್ಕೇ ನಿಮ್ಮನ್ನ ನಂಬಿ ಕೊಟ್ಟೆ."

ಅರ್ಜೆಂಟಪ್ಪನಿಗೆ ಅಳು ಬರುವ ಹಾಗಾಯಿತು. ಹದಿನೈದು ದಿನದ ಪರದಾಟ, ಹಾಲು, ನೊರೆ, ಹೆಂಡತಿಯ ಗಡುವು, ಎಲ್ಲ ಇದಕ್ಕಾಗಿಯೇ? ಆದರೂ ಬಂದ ಕೆಲಸ ನೆನಪಾಗಿ, ತಲೆ ತಗ್ಗಿಸಿ ಹೇಳಿದ.

"ಸಾರ್, ಬ್ರೇಕ್ ಹಿಡಿಯಲ್ಲ. ನಾನು ಎಣ್ಣೆ ಹಚ್ಚಿಬಿಟ್ಟಿದ್ದೀನಿ. ಅದನ್ನ ಹೇಳೋಣ ಅಂತಲೇ ಬಂದೆ."

ಸಾಹೇಬರು ನಿಧಾನವಾಗಿ ಎದ್ದು ನಿಂತರು. ಬ್ರೇಕಿನ ಹಿಡಿಯನ್ನು ಒತ್ತಿ ಹಿಡಿದು ಸೈಕಲ್ಲನ್ನು ಮುಂದೆ ತಳ್ಳಿದರು. ಅದು ಕೀರೆಂದು ಗುಡ್ಡಕ್ಕೆಲ್ಲ ಕೇಳಿಸುವಂತೆ ಕಿರುಚುತ್ತ, ನಿಲ್ಲದೆ, ಆರಾಮವಾಗಿ ಮುಂದೆ ಹೋಯಿತು. ಹಿಂದಿನದನ್ನು ಒತ್ತಿ ನೋಡಿದರು. ಅದೂ ಅಷ್ಟೆ. ಅವರ ಮುಖಕ್ಕೆ ರಕ್ತ ವಾಪಸು ಬಂತು. ನೀವೇ ಮಾಡಿದ್ದೇ ಎಂದು ಕೇಳಿದರು. ನಾನೇ ಮಾಡಿದ್ದು ಸಾರ್, ಬೇರೆ ಯಾರೂ ಕೈ ಹಾಕಿಲ್ಲ ಎಂದ. ಸಾಹೇಬರು ಎರಡೂ ಕೈಯಿಂದ ಅವನನ್ನು ಅಪ್ಪಿಕೊಂಡರು. ಬಿಸ್ಕತ್ತು ಮುಗಿಸಿ ಸೈಕಲ್ಲು ತಳ್ಳಿಕೊಂಡು ಬಂದ ಮುಖ್ಯ ಎಂಜಿನಿಯರು ಮತ್ತು ಇಲಾಖೆಯ ಮಂದಿ ತಿರುವು ದಾಟಿ ಕಂಡದ್ದು ಈ ದೃಶ್ಯವನ್ನು.

ಸಾಹೇಬರು ಮಾತಿಗೆ ತಡವರಿಸುವವರಲ್ಲ. ತಮ್ಮ ಬ್ರೇಕು ಕೈಕೊಟ್ಟಿದೆಯೆಂದೂ, ಮನೆಯಲ್ಲಿ ಕೂತೇ ಅದನ್ನು ಊಹಿಸಿದ ಈ ಮನುಷ್ಯ ಚಪ್ಪಲಿಯಲ್ಲೇ ಗುಡ್ಡ ಹತ್ತಿ ಬಂದು ತಮ್ಮ ಪ್ರಾಣ ಉಳಿಸಿದನೆಂದೂ, ಇಲ್ಲದಿದ್ದರೆ ಇಳಿಜಾರನ್ನು ತಾವೊಬ್ಬರೇ ಗಾಳಿಯಂತೆ ಇಳಿಯುವವರಿದ್ದರೆಂದೂ ಗಂಭೀರವಾಗಿ ಹೇಳಿದರು. ಮುಖ್ಯ ಎಂಜಿನಿಯರು ಸೈಕಲ್ಲನ್ನು ತಳ್ಳಿ ಬ್ರೇಕು ಒತ್ತಿದರು. ಅದು ಮತ್ತೆ ಕಿರುಚಿತು. ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದರು. ಇಂಥವರನ್ನು ಇಷ್ಟು ವರ್ಷ ಟಪಾಲು ವಿಭಾಗದಲ್ಲಿ ಕೂರಿಸಿದವರು ಯಾರು ಎಂದು ಮುಖ್ಯ ಎಂಜಿನಿಯರು ಕೇಳಿದರು. ಅರ್ಜೆಂಟಪ್ಪ, ತನಗೆ ಏನೂ ಗೊತ್ತಿಲ್ಲ, ಎಲ್ಲ ಅತ್ತೆ ಮಾಡಿದ್ದು ಎಂದ. ಈ ಕಾಲದಲ್ಲೂ ಇಷ್ಟು ವಿನಯವೇ ಎಂದು ಅವರು ಇನ್ನಷ್ಟು ಮೆಚ್ಚಿದರು.

ಸೋಮವಾರ ಮಧ್ಯಾಹ್ನ ಅವನು ಕಚೇರಿಯಿಂದ ಓಡಿಕೊಂಡು ಮನೆಗೆ ಬಂದಾಗ ಅತ್ತೆ ಹೊರಟು ನಿಂತಿದ್ದರು. ಕಣ್ಣಿನ ಕೆಲಸ ಮುಗಿದಿತ್ತು, ಸೈಕಲ್ಲಿನ ಕೆಲಸವೂ ಮುಗಿದಿತ್ತು. ಇನ್ನು ಇಲ್ಲಿದ್ದು ಏನು ಮಾಡುವುದು ಎಂದು ಚೀಲ ಕಟ್ಟಿ ಬಸ್ಸಿನ ಹೊತ್ತಿಗೆ ಕಾಯುತ್ತಿದ್ದರು. ಮಗಳು ಇನ್ನೊಂದು ವಾರ ಇರಮ್ಮ ಎಂದದ್ದಕ್ಕೂ ಬೇಡ ಎಂದಿದ್ದರು. ಅರ್ಜೆಂಟಪ್ಪ ಬಾಗಿಲಿಗೆ ಅಡ್ಡ ನಿಂತು ಕೈಯಲ್ಲಿದ್ದ ಆದೇಶವನ್ನು ಚಾಚಿದ. ಉಸಿರು ತಹಬಂದಿಗೆ ಬರುವವರೆಗೆ ಹೆಂಡತಿಯೇ ಅದನ್ನು ಗಟ್ಟಿಯಾಗಿ ಓದಿದಳು. ನಾಳೆಯಿಂದ ಇಲಾಖೆಯ ವಾಹನಗಳ ವರ್ಕ್‌ಶಾಪು ಇವರ ಉಸ್ತುವಾರಿಗೆ. ನೀರಿನ ಟ್ಯಾಂಕರ್ ಲಾರಿಗಳು, ಒಟ್ಟು ನಲವತ್ತು. ಸಹಾಯಕ್ಕೆ ಅನುಭವಸ್ಥರೊಬ್ಬರನ್ನು ಅವರೇ ಆರಿಸಿಕೊಳ್ಳಬಹುದು.

ಓದಿ ಮುಗಿಸಿದ ಹೆಂಡತಿ ತಾಯಿಯ ಮುಖ ನೋಡಿದಳು. ಅತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಆ ಕಾಗದವನ್ನು ಕೈಗೆ ತೆಗೆದುಕೊಂಡು ತಾವೇ ಒಮ್ಮೆ ಓದಿದರು.

"ನಲವತ್ತೂ ಕೆಟ್ಟು ನಿಂತಿದಾವಾ?"

"ಇಲ್ಲ ಅತ್ತೆ, ಹದಿನಾರು. ಉಳಿದವನ್ನ ನಾನಿನ್ನೂ ಮುಟ್ಟಿಲ್ಲ."

ಅತ್ತೆ ಚೀಲ ಕೆಳಗಿಟ್ಟರು.